ಕಲಿಮದ ಕೆಳಗಿನ ಹೆಸರು

ಆಗಷ್ಟೇ ಬಡಿದ ದಿರ್ಹಮ್ ನಾಣ್ಯವೊಂದನ್ನು ಟಂಕಸಾಲೆಯ ಬಾಗಿಲ ಬೆಳಕಿಗೆ ಹಿಡಿದು, ಅಚ್ಚು ಕೊರೆಯುವ ಫರ್ರುಖ್ ಎರಡೆರಡು ಸಲ ಓದಿದ. ಅಲ್ಲಾಹನೊಬ್ಬನೇ ದೇವರೆಂದು ಸಾರುವ ಕಲಿಮದ ಸಾಲುಗಳ ಕೆಳಗೆ, ಇರಲೇಬಾರದಾಗಿದ್ದ ಹಿರಿಯ ಅಮೀರನ ಹೆಸರು ಸ್ಪಷ್ಟವಾಗಿ ಮೂಡಿತ್ತು.

ನಿಶಾಪುರವನ್ನು ಆಳುತ್ತಿದ್ದ ಕಿರಿಯ ಅಮೀರ, ಅಣ್ಣನಾದ ಹಿರಿಯ ಅಮೀರನಿಗೆ ಕಪ್ಪ ಕಳಿಸುವುದನ್ನು ನಿಲ್ಲಿಸಿದ್ದ. ಅಣ್ಣ ದಂಡು ಸಮೇತ ಬಂದು ಕೋಟೆಯ ಹೊರಗೆ ಬೀಡುಬಿಟ್ಟಿದ್ದ. ಇನ್ನು ತಲೆಬಾಗುವುದಿಲ್ಲ ಎಂದು ಸಾರಲು ನಾಣ್ಯದಿಂದ ಅಣ್ಣನ ಹೆಸರು ತೆಗೆದರೆ ಸಾಕು, ಬೇರೆ ಮಾತು ಬೇಕಿಲ್ಲ. ಒಂದು ಮಗ್ಗುಲಲ್ಲಿ ತನ್ನ ಹೆಸರು ಇದ್ದಂತೆಯೇ ಇರಲಿ, ಕಲಿಮದ ಮಗ್ಗುಲಿಗೆ ಹೊಸ ಅಚ್ಚು ಕೊರೆಯಿರಿ ಎಂದು ಅವನು ಟಂಕಸಾಲೆಗೆ ಹೇಳಿಕಳಿಸಿದ್ದ. ಫರ್ರುಖ್ ಕೊರೆದಿದ್ದ. ಆದರೆ ವರ್ಷಗಟ್ಟಲೆ ಅದೇ ಸಾಲುಗಳನ್ನು ತಿರುಗುಮುರುಗಾಗಿ ಕೊರೆದು ಪಳಗಿದ ಕೈ, ಕೇಳದೆಯೇ ಅಣ್ಣನ ಹೆಸರಿದ್ದ ಕೊನೆಯ ಸಾಲನ್ನೂ ಕೊರೆದು ಮುಗಿಸಿತ್ತು. ಎಂದಿನಂತೆಯೇ ಕಂಡದ್ದರಿಂದ ಬಡಿಯುವವರಿಗೂ ಅನುಮಾನ ಬಂದಿರಲಿಲ್ಲ. ಹೊಸ ನಾಣ್ಯಗಳ ಮೊದಲ ಥೈಲಿ ಆಗಲೇ ಸವಾಲಾಗಿ ಅಣ್ಣನ ಡೇರೆಗೆ ಹೋಗಿಯಾಗಿತ್ತು.

ಫರ್ರುಖ್ ಮನೆಗೆ ಓಡಿ ಹೆಂಡತಿ ಮಾಹ್‌ಬಾನುವಿಗೆ ಎಲ್ಲ ಹೇಳಿದ. ಇದಕ್ಕೆ ಕೈ ಕಡಿಯುತ್ತಾರೆ, ಊರು ಬಿಡೋಣವೆಂದರೆ ಕೋಟೆಯ ಬಾಗಿಲು ಹಾಕಿದೆ ಎಂದ.

"ಸಾರಿಗೆ ಉಪ್ಪು ಹಾಕಿದೀಯಾ ಅಂತ ನನ್ನನ್ನ ದಿನಾ ಕೇಳ್ತೀರಿ. ಕೊರೆದಿದ್ದನ್ನ ಒಂದ್ಸಲ ಓದಿ ನೋಡಕ್ಕೆ ಏನಾಗಿತ್ತು ನಿಮಗೆ?"

"ಅಕ್ಷರ ಅಕ್ಷರ ಓದಿದೆ ಕಣೆ. ಒಂದೂ ತಪ್ಪಿರಲಿಲ್ಲ."

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಬಾಗಿಲು ಬಡಿದವನು ಟಂಕಸಾಲೆಯ ಯಜಮಾನ ಅಬು ಸಹ್ಲ್. ಫರ್ರುಖ್ ಬಲಗೈಯನ್ನು ಕಂಕುಳಲ್ಲಿ ಅವಿತಿಟ್ಟುಕೊಂಡು ಎದುರು ನಿಂತ. ಅಬು ಸಹ್ಲ್ ಹೊಸ್ತಿಲ ಮೇಲೇ ಕುಸಿದು ಕೂತು ನೀರು ಕೇಳಿದ. ಕುಡಿದು, ಗಡ್ಡ ಒರೆಸಿಕೊಂಡು, ನಡೆದದ್ದನ್ನು ಹೇಳಿದ. ಹಿರಿಯ ಅಮೀರ ಥೈಲಿ ಬಿಚ್ಚಿ, ತನ್ನ ಹೆಸರು ಓದಿ, ತಮ್ಮನ ಮೇಲೆ ಯಾರೋ ಚಾಡಿ ಹೇಳಿದ್ದಾರೆ ಎಂದು ಅತ್ತುಬಿಟ್ಟನಂತೆ. ಡೇರೆಗಳನ್ನು ಕೀಳುತ್ತಿದ್ದಾರೆ. ಬೆಳಿಗ್ಗೆ ಕೋಟೆಗೋಡೆ ಹತ್ತಿ ಅಣ್ಣನ ದಂಡು ಎಷ್ಟು ದೊಡ್ಡದೆಂದು ನೋಡಿ ಬಂದಾಗಿನಿಂದ ಅನ್ನ ನೀರು ಮುಟ್ಟದಿದ್ದ ಕಿರಿಯ ಅಮೀರ ಈಗ ಊಟಕ್ಕೆ ಕೂತಿದ್ದಾನೆ.

ಫರ್ರುಖ್ ಕಂಕುಳಿಂದ ಕೈ ತೆಗೆದ. ಅವನೂ ಅಲ್ಲೇ ಕೂತ. "ಹಾಗಾದ್ರೆ ನನ್ನ ಕೈ?"

"ನಿನ್ನ ಕೈಗೇನಾಗಿದೆ? ಅಣ್ಣನ ಹೆಸರು ಇರಲಿ ಅನ್ನೋದು ಮೊದಲಿಂದ್ಲೂ ನಮ್ಮ ಅಮೀರರದೇ ಯೋಚನೆ. ಟಂಕಸಾಲೆಗೆ ಖುದ್ದು ಬಂದು, ಪಕ್ಕದಲ್ಲಿ ಕೂತು ಕೊರೆಸಿದರಂತೆ. ಎಲ್ಲರ ಹತ್ರಾನೂ ಹೇಳ್ತಿದಾರೆ."

ಒಳಗಿನಿಂದ ಮಾಹ್‌ಬಾನು ನಕ್ಕದ್ದು ಕೇಳಿಸಿತು. ಫರ್ರುಖನಿಗೆ ಮಾತ್ರ ಸಮಾಧಾನವಾಗಲಿಲ್ಲ. "ಆದರೆ ಖ್ವಾಜಾ, ಅವರು ಟಂಕಸಾಲೆ ಕಡೆ ತಲೆ ಹಾಕೇ ಇಲ್ಲವಲ್ಲ."

ಅಬು ಸಹ್ಲ್ ಏಳುತ್ತ ಅವನ ಭುಜ ತಟ್ಟಿದ. "ಬಂದಿದ್ರು. ಕೂರಕ್ಕೆ ನೀನೇ ದಿಂಬು ಹಾಕಿದ್ದೆ."