ಒಂಟಿತನದ ಷಾಟ್

"ಕಟ್!"

ನಿರ್ದೇಶಕ ಎವಾರಿಸ್ತೊ ತಲೆಯ ಮೇಲಿನ ಹುಲ್ಲಿನ ಟೋಪಿಯನ್ನು ಕಿತ್ತು ನೆಲಕ್ಕೆ ಬಡಿದ. ಹದಿನಾಲ್ಕನೆಯ ಟೇಕೂ ಹಾಳಾಗಿತ್ತು. ಒಂಟಿ ಮುದುಕಿಯ ಪಾತ್ರದ ಪುರಿಂಗಜ್ಜಿ ಈ ಸಲವೂ ತುತ್ತು ಬಾಯಿಗಿಡುವ ಮುಂಚೆ ಕ್ಯಾಮೆರಾದ ಕಡೆ ತಿರುಗಿ, "ಬನ್ರಪ್ಪಾ, ಊಟ ಮಾಡೋಣ" ಎಂದಿದ್ದಳು.

ಫಿಲಿಪೀನ್ಸಿನ ಈ ಇಲೊಯ್ಲೊದಲ್ಲಿ ಎದುರಿಗೆ ಜನ ಇರುವಾಗ ಕರೆಯದೆ ಉಣ್ಣುವವರು ಯಾರು? ಎವಾರಿಸ್ತೊ ಕೂಡ ಇದೇ ಊರವನು. ಮನಿಲಾದಲ್ಲಿ ಎರಡು ಪ್ರಶಸ್ತಿ ಬಂದ ಮೇಲೆ ಊರು ಮರೆತುಹೋಗಿತ್ತು, ಅಷ್ಟೇ.

"ಅಜ್ಜಿ, ನಿಂಗೆ ಪ್ರಪಂಚದಲ್ಲಿ ಯಾರೂ ಇಲ್ಲ. ತಲೆಗೆ ಹೋಯ್ತಾ?"

"ಇಷ್ಟು ಜನ ಇದೀರಲ್ಲಪ್ಪ. ಪಾಪ, ಹಸ್ಕೊಂಡು ನಿಂತಿದೀರ."

ಚಿತ್ರೋತ್ಸವದವರು ಕಡ್ಡಿ ಮುರಿದಂತೆ ಹೇಳಿದ್ದರು. ಕೊನೆಯ ದೃಶ್ಯದಲ್ಲಿ ಒಂಟಿತನವಿಲ್ಲ. ಸೋಮವಾರದೊಳಗೆ ಸರಿಮಾಡದಿದ್ದರೆ ಚಿತ್ರ ಬೇಡ.

ಎವಾರಿಸ್ತೊನಿಗೆ ಒಂಟಿತನ ಬರೀ ಪಾಕವಿಧಾನ. ಕಪ್ಪುಬಿಳುಪು ಚಿತ್ರ. ಮೂಲೆಯಲ್ಲಿ ಹೆಬ್ಬೆರಳಿನಷ್ಟು ಮನುಷ್ಯ. ಅಡ್ಡಕ್ಕೆ ಕಿಟಕಿಯ ಸರಳು. ಉಳಿದದ್ದೆಲ್ಲ ಖಾಲಿ. ಕಿವಿಗೆ ಚಮಚದ ಸದ್ದೊಂದೇ. ಇಪ್ಪತ್ತು ವರ್ಷ ಕ್ಯಾಮೆರಾ ಹಿಡಿದಿದ್ದ ಬೊಯೆಟ್‌ಗೆ ಈ ಪಾಠವನ್ನು ದಿನಕ್ಕೆ ಮೂರು ಸಲ ಒಪ್ಪಿಸುತ್ತಿದ್ದ. ಬೊಯೆಟ್ ಆಕಳಿಸುತ್ತಿದ್ದ.

"ಇನ್ಮೇಲೆ 'ಊಟಕ್ಕೆ ಬನ್ನಿ' ಅನ್ನೋ ಮಾತು ಯಾರ ಬಾಯಿಂದ ಬಂದ್ರೂ ಅವ್ರು ಮನೆಗೆ! ಎಲ್ರೂ ಆಚೆ ನಡೀರಿ. ಕ್ಯಾಮೆರಾ ತಾನೇ ಓಡ್ಲಿ."

ಅಜ್ಜಿಯನ್ನು, ಓಡುವ ಕ್ಯಾಮೆರಾವನ್ನು ಒಳಗೆ ಬಿಟ್ಟು ಎಲ್ಲರೂ ಮುಂದಿನ ಅಂಗಳಕ್ಕೆ ಬಂದರು. ಬಾಳೆಲೆಯ ಮೇಲೆ ಅನ್ನ, ಒಣಮೀನು ಸುರಿದುಕೊಂಡು ಸುತ್ತ ಕುಳಿತರು. ಎವಾರಿಸ್ತೊ ಟೋಪಿ ಸರಿಮಾಡಿಕೊಳ್ಳುತ್ತ ಎರಡು ಸಲ ಹತ್ತಿರ ಸುಳಿದ. ಯಾರೂ ಊಟಕ್ಕೆ ಕರೆಯಲಿಲ್ಲ. ಕೆಲವರಿಗೆ ಅಪ್ಪಣೆಯ ಭಯ, ಉಳಿದವರಿಗೆ ಅದೇ ನೆಪ.

"ದನಗಳು" ಎಂದು ಗೊಣಗಿ ಮನೆಯ ಹಿಂದಕ್ಕೆ ಹೋದ.

ಶನಿವಾರ ಸಂಕಲನದ ಕೋಣೆಯಲ್ಲಿ ಅವನು ಬೊಯೆಟ್ ಪಕ್ಕ ಕುಳಿತ. ಪರದೆಯ ಮೇಲೆ ಅಜ್ಜಿ ಯಾರನ್ನೂ ಕರೆಯದೆ ನೆಮ್ಮದಿಯಾಗಿ ಉಂಡಳು, ಚಮಚ ನೆಕ್ಕಿದಳು.

"ದಂಡ! ಊಟ ಮಾಡೋ ಮುದುಕಿ, ಅಷ್ಟೇ." ಮರುಕ್ಷಣ ನೆಟ್ಟಗೆ ಕುಳಿತ. "ತಾಳು. ಅವನ್ಯಾರು?"

ಅಜ್ಜಿಯ ಹಿಂದಿನ ಕಿಟಕಿಯ ಸರಳುಗಳಾಚೆ ಒಬ್ಬ ಬೆನ್ನು ತಿರುಗಿಸಿ ನಿಂತಿದ್ದ. ಹೆಬ್ಬೆರಳಿನಷ್ಟು ಮನುಷ್ಯ, ತಲೆಗೊಂದು ಟೋಪಿ. ಅಂಗಳದ ಕಡೆ ಎರಡು ಹೆಜ್ಜೆ ಇಟ್ಟ, ನಿಂತ, ಹಿಂದೆ ಬಂದ. ಚಮಚದ ಸದ್ದೊಂದೇ ಕೇಳುತ್ತಿತ್ತು.

ಎವಾರಿಸ್ತೊನ ಕಣ್ಣು ತುಂಬಿತು. "ನೋಡಯ್ಯಾ, ಬೆನ್ನಲ್ಲೇ ಎಂಥಾ ಅಭಿನಯ! ಒಂದು ತುತ್ತಿಗೆ ಕರೆಯೋರಿಲ್ಲ ಆ ದರಿದ್ರದವನಿಗೆ. ಚಿತ್ರ ಉಳೀತು! ಹುಡುಕೋ ಅವನನ್ನ. ಮುಂದಿನ ಚಿತ್ರಕ್ಕೆ ಅವನೇ ನಾಯಕ."

ಬೊಯೆಟ್ ಊಟದ ಡಬ್ಬಿ ಬಿಚ್ಚಿ, ಕರೆಯದೆಯೇ ಮೊದಲ ತುತ್ತು ನುಂಗಿದ.

"ಹುಡುಕೋದೇನು ಬಂತು ಸರ್, ಆ ಟೋಪಿ ಇನ್ನೂ ನಿಮ್ಮ ತಲೆ ಮೇಲೇ ಇದೆ."