ಮೂರನೇ ಸಾಲು

ಎರಡನೇ ಸಾಲು ಮುಗಿಯುತ್ತಲೇ ಮೊಮ್ಮಗಳು ಬಾಯಿ ಮುಚ್ಚಿದಳು. ಬೆರಳ ಗೆಣ್ಣಿನಿಂದ ಗಿಟಾರಿನ ಮರಕ್ಕೆ ‘ಟಕ್’ ಎಂದು ಬಡಿದು, ಒಂದು ಸಾಲು ಹಾಡುವಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ‘ಟಕ್’ ಎನಿಸಿ ನೇರ ನಾಲ್ಕನೇ ಸಾಲಿಗೆ ಹೋದಳು.

“ಮರ್ತ್ಲು!” ಎಂದ ಆಂಟೆನಾ, ಪಂದ್ಯ ಗೆದ್ದವನ ಹಾಗೆ ತೊಡೆ ತಟ್ಟಿಕೊಂಡು. “ನಾಳೆ ಕಾರ್ಯಕ್ರಮ ಇಟ್ಕೊಂಡು ಇವತ್ತು ಸಾಲು ಮರೀತಾಳಲ್ಲೋ ನಿನ್ನ ಮೊಮ್ಮಗಳು!”

ಆಂಟೆನಾ ಎಂದರೆ ಅಜ್ಜನ ನಲವತ್ತು ವರ್ಷದ ಗೆಳೆಯ. ಉದ್ದಕ್ಕೆ ಸಣಕಲು ಆಳು. ಅಜ್ಜನ ಅಂಗಡಿಯ ಎದುರಿಗೇ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ಅಂಗಡಿ ಹೋಯಿತು, ಹೆಸರು ಉಳಿಯಿತು. ಅಜ್ಜನ ಹೊಲಿಗೆ ಅಂಗಡಿಯೂ ಈಗ ಅಂಗಡಿಯಲ್ಲ. ಮಿಷನ್ನಿಗೆ ಹಳೇ ಬೆಡ್‌ಶೀಟ್ ಹೊದಿಸಿ, ಬಟ್ಟೆ ಕತ್ತರಿಸುವ ಮೇಜನ್ನು ಗೋಡೆಗೆ ಸರಿಸಿ, ಮೊಮ್ಮಗಳ ಮೂರು ಜನರ ಬ್ಯಾಂಡು ಅಲ್ಲಿ ಅಭ್ಯಾಸ ಮಾಡುತ್ತಿತ್ತು. ಹಾಡು ಕೇಳಿ ಕೇಳಿಯೇ ಕಿವಿ ಹಣ್ಣಾದ ಇಬ್ಬರು ಮುದುಕರು ಒಮ್ಮೆ ಕೇಳಿ ಹೇಳಲಿ ಎಂದು ಅವಳೇ ಕರೆದು ಬೆಂಚಿನ ಮೇಲೆ ಕೂರಿಸಿದ್ದಳು. ಆಂಟೆನಾ ಬಂದಾಗಿನಿಂದ ಹೇಳುತ್ತಲೇ ಇದ್ದ. ಇದು ಹಾಡೋ, ಗೊಣಗಾಟವೋ? ಆ ಇನ್ನೊಬ್ಬ ಹುಡುಗಿ ತಾನು ಕೂತ ಪೆಟ್ಟಿಗೆಯನ್ನೇ ಬಡಿಯುತ್ತಾಳಲ್ಲ, ತಬಲ ಕೊಳ್ಳೋಕೆ ಗತಿ ಇಲ್ಲವಾ? ನಮ್ಮ ಕಾಲದಲ್ಲಿ ಒಂದೊಂದು ಹಾಡಿಗೆ ನಲವತ್ತು ಪಿಟೀಲು!

ಅಜ್ಜನಿಗೆ ಮಾತ್ರ ಮೊದಲ ಸಾಲಿಗೇ ಅದು ಯಾರ ಹಾಡೆಂದು ಗೊತ್ತಾಗಿತ್ತು.

“ಮರ್ತಿಲ್ಲ ಆಂಟೆನಾ ತಾತ, ಕ್ಯಾಸೆಟ್ಟಲ್ಲೇ ಹಾಗಿದೆ,” ಎಂದಳು ಮೊಮ್ಮಗಳು ಗಿಟಾರನ್ನು ಮಡಿಲಿಗೆ ಒರಗಿಸಿಕೊಂಡು. “ಅಜ್ಜಿ ಹಾಡಿರೋದು. ಗುಂಡಿ ಡಬ್ಬಿಯ ತಳದಲ್ಲಿ ಸಿಕ್ತು. ಬೇರೆ ನುಡೀಲೆಲ್ಲ ನಾಲ್ಕು ಸಾಲಿದೆ. ಕೊನೇ ನುಡೀಲಿ ಮಾತ್ರ ‘ಹೊಸಿಲು ದಾಟುವಾಗ ಅವ್ವ ಹೇಳಿದ ಮಾತು’ ಅಂತ ಬರುತ್ತೆ, ಆಮೇಲೆ ಟಕ್ ಟಕ್ ಅಂತ ಸದ್ದು, ಅಷ್ಟೇ. ಮುಂದೆ ‘ಅದನೇ ಉಟ್ಟುಕೊಂಡು ನಡೆದೇನು’ ಅಂತ ಮುಗಿದೇ ಹೋಗುತ್ತೆ. ಅವ್ವ ಏನು ಹೇಳಿದಳು ಅನ್ನೋದೇ ಇಲ್ಲ. ಅಮ್ಮನ್ನ ಕೇಳ್ದೆ, ಗೊತ್ತಿಲ್ಲ ಅಂದಳು. ಅಜ್ಜನಿಗೆ ಗೊತ್ತಿರುತ್ತೆ, ಪಕ್ಕದಲ್ಲೇ ಇದ್ದೋರು ಅಂದಳು.” ಅವಳು ಪೆನ್ಸಿಲ್ಲು ಹಿಡಿದು ಮುಂದಕ್ಕೆ ಬಾಗಿದಳು. “ಹೇಳಜ್ಜ. ಬರ್ಕೋತೀನಿ.”

ಅತ್ತ ಆಂಟೆನಾ ದನಿ ಇಳಿಸಿ ಕೇಳಿದ: “ಅತ್ತಿಗೆ ಹಾಡ್ತಿದ್ರಾ?”

ದಿನಾ ಇದೇ ಬೆಂಚಿನ ಮೇಲೆ ಕೂತು ಕಾಫಿ ಕುಡಿದವನು ಅವನು.

ಅಜ್ಜ ಕಣ್ಣು ಮುಚ್ಚಿದ. ಇಷ್ಟದ ಹಾಡುಗಳನ್ನು ರೇಡಿಯೋದಿಂದ ಹಿಡಿದಿಟ್ಟುಕೊಳ್ಳಲೆಂದು ತಂದ ಹೊಸ ಟೇಪ್‌ರೆಕಾರ್ಡರು. ಮೈಕು ಸರಿಯಿದೆಯಾ ನೋಡೋಣ ಎಂದು ಅದನ್ನು ಹೆಂಡತಿಯ ಮುಂದೆ ಇಟ್ಟಿದ್ದ. ಅವಳು ಅಂಗಿಗೆ ಗುಂಡಿ ಹೊಲಿಯುತ್ತಾ ತನ್ನ ಪಾಡಿಗೆ ತಾನು ಹಾಡಿಕೊಳ್ಳುತ್ತಿದ್ದಳು. ಆಗ ಗಿರಾಕಿಯೊಬ್ಬ ತಲೆ ತೂರಿಸಿದ. ‘ಪ್ಯಾಂಟು ಆಯ್ತಾ?’ ಟೇಪು ದಂಡವಾಗಬಾರದಲ್ಲ! ಅಜ್ಜ ಹೆಬ್ಬೆರಳಿನಿಂದ ರೆಕಾರ್ಡರಿನ ಗುಂಡಿ ಒತ್ತಿ ನಿಲ್ಲಿಸಿ, ‘ನಾಳೆ ಬನ್ನಿ’ ಎಂದು ಸಾಗಹಾಕಿ, ಮತ್ತೆ ಒತ್ತಿದ. ಅವಳು ತಲೆಯನ್ನೂ ಎತ್ತಿರಲಿಲ್ಲ, ಹಾಡನ್ನೂ ನಿಲ್ಲಿಸಿರಲಿಲ್ಲ.

ಗಿರಾಕಿಯ ಮುಖ ನೆನಪಿತ್ತು. ಪ್ಯಾಂಟಿನ ಬೂದು ಬಣ್ಣ, ಸೊಂಟದ ಅಳತೆ ನೆನಪಿತ್ತು. ಆ ಕಾಲದ ರೇಡಿಯೋ ಹಾಡುಗಳಾದರೆ ಪಲ್ಲವಿಯಿಂದ ಹಿಡಿದು ನಡುವೆ ಬರುವ ಕೊಳಲಿನ ತುಣುಕಿನವರೆಗೆ ಈಗಲೂ ಬಾಯಿಪಾಠ. ಮೂರನೇ ಸಾಲು ಮಾತ್ರ ಬರಲಿಲ್ಲ. ಮೂವತ್ತು ವರ್ಷ ಒಂದೇ ಕೋಣೆಯಲ್ಲಿ, ಕೈಗೆಟುಕುವ ದೂರದಲ್ಲಿ ಅವಳು ಆ ಹಾಡು ಹಿಡಿದಾಗಲೆಲ್ಲ ತಾನು ಕೈ ಚಾಚಿ ರೇಡಿಯೋದ ದನಿಯನ್ನು ಒಂಚೂರು ಏರಿಸುತ್ತಿದ್ದುದು ಮಾತ್ರ ಚೆನ್ನಾಗಿ ನೆನಪಿಗೆ ಬಂತು.

“ಏನಾದರೂ ಹೇಳಿಬಿಡೋ,” ಆಂಟೆನಾ ಕಿವಿಯಲ್ಲಿ ಪಿಸುಗುಟ್ಟಿದ. “‘ಅಳಬ್ಯಾಡ ನನ ಮಗಳೆ’ ಅಂತ ಹಾಕು, ಸರಿಯಾಗಿ ಕೂರುತ್ತೆ. ಯಾರಿಗೆ ಗೊತ್ತಾಗಬೇಕು? ಮಗು ಕಾಯ್ತಿದೆ.”

ಸರಿಯಾಗಿಯೇ ಕೂರುತ್ತಿತ್ತು. ಅಜ್ಜ ಬಾಯಿ ತೆರೆದ. ಮೊಮ್ಮಗಳ ಪೆನ್ಸಿಲ್ಲು ಹಾಳೆಗೆ ತಾಗಿತು. ಹಣೆಗೆ ಬಿದ್ದ ಕೂದಲನ್ನು ಅವಳು ಮೊಣಕೈಯಿಂದ ಹಿಂದಕ್ಕೆ ತಳ್ಳಿದಳು, ಕೈಯಲ್ಲಿ ಸೂಜಿಯಿದ್ದಾಗ ಅವಳಜ್ಜಿ ತಳ್ಳುತ್ತಿದ್ದ ಹಾಗೆ.

“ಗೊತ್ತಿಲ್ಲ ಕಣೆ,” ಎಂದ ಅಜ್ಜ. “ನಾನು ಕೇಳಿಸಿಕೊಂಡಿಲ್ಲ.”

ಮೊಮ್ಮಗಳು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡಳು. “ಹೋಗಲಿ ಬಿಡಜ್ಜ,” ಎಂದಳು ಮೆಲ್ಲಗೆ. “ನಾವು ಕಟ್ಟಿ ಹಾಕೋದು ಬೇಡ. ಆ ಜಾಗ ಖಾಲಿಯಾಗೇ ಇರಲಿ. ಟಕ್ ಅನ್ನೋದೂ ಇರಲಿ, ಚೆನ್ನಾಗಿದೆ. ಅದು ಯಾವುದರ ಸದ್ದು ಅಂತ ನಮಗೆ ಗೊತ್ತೇ ಆಗಲಿಲ್ಲ.”

ಅವಳು ಮೊದಲಿನಿಂದ ಹಾಡಿದಳು. ಈ ಸಲ ಆಂಟೆನಾ ಪಿಟೀಲಿನ ಸುದ್ದಿ ಎತ್ತಲಿಲ್ಲ. ಕಿವಿಗೆ ಕೈ ಅಡ್ಡ ಹಿಡಿದು, ಬಾಗಿ ಕೇಳುತ್ತಿದ್ದ. ಕೊನೆಯ ನುಡಿ ಬಂತು. ಹೊಸಿಲು ದಾಟುವಾಗ ಅವ್ವ ಹೇಳಿದ ಮಾತು...

ಅಜ್ಜ ತನ್ನ ಬಲಗೈ ಹೆಬ್ಬೆರಳನ್ನು ಎಡಗೈಯೊಳಗೆ ಬಿಗಿಯಾಗಿ, ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದುಕೊಂಡ.

ಟಕ್.