ಎತ್ತರದ ಕಂಬ

ಗುಂಪು ತಪ್ಪು ಹೇಳಿದರೆ ಒಂಟಿ ಮನುಷ್ಯನೂ ತಲೆಯಾಡಿಸುತ್ತಾನೆಯೇ ಎಂಬುದು ಸಮಾಜ ಮನೋವಿಜ್ಞಾನದಲ್ಲಿ ನನ್ನ ಪಿಎಚ್‌ಡಿ ವಿಷಯ. ನಾನೇ ಹೇಳಿಕೊಟ್ಟು ಕೂರಿಸಿದ ಐವರು ಗಿಡ್ಡ ಗೆರೆಯನ್ನು ತೋರಿಸಿ ಇದೇ ಉದ್ದ ಎನ್ನುತ್ತಿದ್ದರು. ಆರನೆಯವರು ಏನೆನ್ನುತ್ತಾರೆಂದು ನಾನು ಬರೆದುಕೊಳ್ಳುತ್ತಿದ್ದೆ. ವಿಭಾಗದಲ್ಲಿ ಚಹಾ ಕೊಡುವ ಸಾವಂತ್ರವ್ವನನ್ನೂ ಒಮ್ಮೆ ಕೂರಿಸಿದೆ. ಆಕೆ ನೆಟ್ಟಗೆ ಉದ್ದ ಗೆರೆಯನ್ನೇ ತೋರಿಸಿದಳು.

"ಐದು ಮಂದಿ ಬ್ಯಾರೆ ಹೇಳಿದ್ರಲ್ಲಾ ಯವ್ವಾ, ನಿನಗ ಅಂಜಿಕಿ ಬರಲಿಲ್ಲೇನು?"

"ಗೆರಿ ಕಣ್ಮುಂದ ಇತ್ತಲ್ರೀ ಸರ."

ನಲವತ್ತು ಜನರಲ್ಲಿ ಮೂವತ್ತೊಂದು ಜನ ಆಕೆಯಂತೆಯೇ ಬಗ್ಗಲಿಲ್ಲ. ನಮ್ಮವರಿಗೆ ಬೆನ್ನುಮೂಳೆ ಇದೆಯೆಂದು, ಅದನ್ನು ನಾನೇ ಜೋಡಿಸಿಕೊಟ್ಟವನಂತೆ ಬೀಗಿದೆ. ಪಿಎಚ್‌ಡಿಯ ಅಂತಿಮ ಸಭೆಯಲ್ಲಿ ಐವರು ಪರೀಕ್ಷಕರಿಗೆ ಪರದೆಯ ಮೇಲೆ ನಕ್ಷೆಯ ಎರಡು ಕಂಬಗಳನ್ನು ತೋರಿಸಿದೆ. ಬಗ್ಗದವರದು ಎತ್ತರ, ಬಗ್ಗಿದವರದು ಗಿಡ್ಡ.

ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದ ವಿಭಾಗದ ಮುಖ್ಯಸ್ಥರು ಕಣ್ಣು ಕಿರಿದು ಮಾಡಿ ನೋಡಿದರು.

"ಬಗ್ಗಿದವರ ಕಂಬನ ಎತ್ತರ ಐತಲ್ಲ. ಮಂದಿ ಬಗ್ಗತಾರಂತ ನಾ ಮೊದಲ ಅಂದಂಗನ ಆತು."

"ಹೌದ್ರೀ ಸರ," ಎಂದರು ಪಕ್ಕದ ಪ್ರೊಫೆಸರು. ಉಳಿದ ಮೂವರೂ ಪರದೆ ನೋಡಿ, ಮುಖ್ಯಸ್ಥರನ್ನು ನೋಡಿ, ಹೌದೆಂದರು.

ಮುಖ್ಯಸ್ಥರು ಸಹಿಗೆ ಪೆನ್ನು ತೆಗೆದು ನನ್ನತ್ತ ತಿರುಗಿದರು.

"ಏನಪಾ, ಖರೇ ಅಲ್ಲೇನು?"

ಆ ಸಹಿಗಾಗಿ ಆರು ವರ್ಷ ಕಾದಿದ್ದೆ.

"ಖರೇ ರೀ ಸರ. ಅದ ಎತ್ತರ."

ನಮ್ಮ ಮುಂದೆ ಚಹಾ ಇಡುತ್ತಿದ್ದ ಸಾವಂತ್ರವ್ವ ತಲೆಯೆತ್ತಿ ಪರದೆ ನೋಡಿದಳು.

"ಬಾಜೂದು ಎತ್ತರ ಐತಲ್ರೀ ಸರ."